ಫಿಲ್ಲುವಿನ ಪಾಲಿನ ಬಾಟಲಿಗಳು

ನನ್ನ ಅಕ್ಕ ಫಿಲೋಮಿನಾಳ ಮದುವೆಯ ಊಟಕ್ಕೆಂದು ನಮ್ಮ ತಾಯಿ ತೆಗೆದಿರಿಸಿದ್ದ ಆರು ಬಾಟಲಿ ದ್ರಾಕ್ಷಾರಸವನ್ನು ಅಕ್ಕನೂ ನಾನೂ ಕಳೆದ ವರ್ಷ, ಅವಳ ನಾಲಿಗೆಯ ಶಸ್ತ್ರಚಿಕಿತ್ಸೆಗೆ ಮೊದಲು ಉಳಿದಿದ್ದ ಕೆಲವು ವಾರಗಳಲ್ಲಿ, ಮನೆಯ ಅಡಿಗೆಯೊಂದಿಗೆ ಮುಗಿಸಿದೆವು. ಅವಳಿಗೆ ಎಪ್ಪತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಈ ಬಾಟಲಿಗಳ ಬಗ್ಗೆ ನಮ್ಮ ಬಂಧುಬಳಗದಲ್ಲಿ ಎಲ್ಲರೂ ಒಪ್ಪಿಕೊಂಡಿದ್ದ ಒಂದು ಕಥೆಯಿತ್ತು. ಅವು ಫಿಲ್ಲು ಹುಟ್ಟಿದ ವರ್ಷದ ದ್ರಾಕ್ಷಿಯಿಂದ ಮಾಡಿದವು, ಅವಳ ತೊಟ್ಟಿಲಿನ ಜೊತೆಗೇ ಮನೆಗೆ ಬಂದವು, ಅವಳ ಕೊರಳಿಗೆ ತಾಳಿ ಬೀಳುವ ದಿನದವರೆಗೆ ಅವುಗಳ ಬಿರಡೆ ತೆಗೆಯಕೂಡದು, ಎಂದು. ನನಗಾಗಿ ಇಟ್ಟಿದ್ದ ಬಾಟಲಿಗಳಿಗೂ ಇಂಥದೇ ಕಥೆಯಿತ್ತು. ನಾನು ಅದನ್ನು ಬಾಲ್ಯದಲ್ಲಿಯೇ ನಂಬುವುದು ಬಿಟ್ಟಿದ್ದೆ. ನಾನು ಯಾವ ಬಗೆಯ ಮನುಷ್ಯನಾದೆ ಎಂದು ಕೇಳುವವರಿಗೆ ಆ ಅಪನಂಬಿಕೆಯಿಂದಲೇ ಉತ್ತರ ಆರಂಭಿಸಬೇಕಾಗುತ್ತದೆ.

ನಾವು ಬೆಳೆದದ್ದು ಬೆನ್ಸನ್ ಟೌನಿನ ಒಂದು ಹಳೆಯ ಬಂಗಲೆಯ ಹಿಂಭಾಗದಲ್ಲಿ, ಒಂದು ಕಾಲಕ್ಕೆ ಕುದುರೆ ಲಾಯವಾಗಿದ್ದ ಕಟ್ಟಡದಲ್ಲಿ. ಬಂಗಲೆಯಲ್ಲಿ ಒಬ್ಬ ಮುದಿ ಆಂಗ್ಲೋ-ಇಂಡಿಯನ್ ಹೆಂಗಸಿದ್ದಳು; ನಾವೆಲ್ಲ ಅವಳನ್ನು ಮಿಸ್ಸಮ್ಮ ಎನ್ನುತ್ತಿದ್ದೆವು. ನಮ್ಮ ತಾಯಿ ಆರೋಗ್ಯಮ್ಮ ಅವಳ ಅಡಿಗೆ ಮಾಡುತ್ತಿದ್ದಳು, ತಂದೆ ರಾಯಪ್ಪ ಹಲಸೂರಿನ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. ಲಾಯವನ್ನು ಮೂರು ಭಾಗ ಮಾಡಿ ನಮಗೆ ವಾಸಕ್ಕೆ ಕೊಟ್ಟಿದ್ದರು. ನಡುವಿನದು ಮಲಗುವ ಕೋಣೆ, ಬೀದಿಯ ಕಡೆಯದು ಅಪ್ಪನ ಸೈಕಲ್ಲು ಮತ್ತು ಬಂದವರು ಕೂರುವ ಬೆಂಚಿಗೆ, ಹಿತ್ತಲ ಕಡೆಯದು ಅಡಿಗೆಮನೆ. ಅಡಿಗೆಮನೆಯ ಗೋಡೆಯಲ್ಲಿ ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಉಂಗುರ ಹಾಗೆಯೇ ಇತ್ತು. ಅಮ್ಮ ಅದಕ್ಕೆ ಈರುಳ್ಳಿ ಗೊಂಚಲು ತೂಗುಹಾಕುತ್ತಿದ್ದಳು. ಅದರ ಕೆಳಗೆ ಹುರುಳಿ ತಿನ್ನಿಸುತ್ತಿದ್ದ ಉದ್ದನೆಯ ಕಲ್ಲಿನ ಬಾನಿ. ಅಮ್ಮ ಅದರಲ್ಲಿ ಮರಳು ತುಂಬಿಸಿದ್ದಳು. ಮರಳಿನಲ್ಲಿ ಕುತ್ತಿಗೆಯಷ್ಟೇ ಕಾಣುವಂತೆ ಬಾಟಲಿಗಳು ಮಲಗಿರುತ್ತಿದ್ದವು, ಎಡಗಡೆ ಅಕ್ಕನವು, ಬಲಗಡೆ ನನ್ನವು. ಬೇಸಿಗೆಯಲ್ಲಿಯೂ ಆ ಮರಳಿಗೆ ಕೈಯಿಟ್ಟರೆ ತಣ್ಣಗಿರುತ್ತಿತ್ತು. ಇಡಲು ಬಿಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ವೈನ್ ಮಾಡುವ ವಿದ್ಯೆಯನ್ನು ಅಮ್ಮ ಮಿಸ್ಸಮ್ಮನಿಂದ ಕಲಿತಿದ್ದಳು. ಅದರ ಸುತ್ತಲಿನ ಮಡಿಯನ್ನು ಮಾತ್ರ ತಾನೇ ಕಟ್ಟಿಕೊಂಡಿದ್ದಳು. ಶಿವಾಜಿನಗರದ ಮಾರುಕಟ್ಟೆಯಿಂದ ಕಪ್ಪು ದ್ರಾಕ್ಷಿ ಬರುತ್ತಿತ್ತು, ಬೀಜವಿರುವ, ಸಿಪ್ಪೆ ದಪ್ಪಗಿರುವ ನಮ್ಮೂರಿನ ದ್ರಾಕ್ಷಿ. ತೊಳೆದು, ಬಟ್ಟೆಯ ಮೇಲೆ ಆರಿಸಿ, ಹಿಸುಕಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ ಲವಂಗದೊಡನೆ ಉಪ್ಪಿನಕಾಯಿಯ ದೊಡ್ಡ ಜಾಡಿಗೆ ತುಂಬಿ, ಬಾಯಿಗೆ ಮಲ್‌ಬಟ್ಟೆ ಬಿಗಿಯುತ್ತಿದ್ದಳು. ಆ ಜಾಡಿ ಕೂತಿರುವಷ್ಟು ದಿನ ಮನೆಯಲ್ಲಿ ಯಾರೂ ಜಗಳವಾಡಕೂಡದು. ಕೆಟ್ಟ ಮಾತು ಕಿವಿಗೆ ಬಿದ್ದರೆ ವೈನು ಹುಳಿಯಾಗುತ್ತದೆ ಎಂಬುದು ಅವಳ ನಿಯಮ. ಅಪ್ಪ ಮುಂಗೋಪಿ, ಅಮ್ಮ ಹಟಮಾರಿ. ಆ ವಾರಗಳಲ್ಲಿ ಇಬ್ಬರೂ ಹಲ್ಲುಕಚ್ಚಿಕೊಂಡು, ಒಬ್ಬರಿಗೊಬ್ಬರು ಅತಿಥಿಗಳಂತೆ ನಡೆದುಕೊಳ್ಳುತ್ತಿದ್ದರು. ವೈನನ್ನು ಸೋಸಿ ಬಾಟಲಿಗೆ ತುಂಬಿದ ಸಂಜೆಯೇ ಕೂಡಿಟ್ಟಿದ್ದ ಜಗಳವೆಲ್ಲ ಹೊರಬೀಳುತ್ತಿತ್ತು. ಮಿಸ್ಸಮ್ಮ ಬಂಗಲೆಯ ಹಿಂಬಾಗಿಲಿಗೆ ಬಂದು ನಿಂತು, ‘ಓ, ವೈನ್ ರೆಡಿ!’ ಎಂದು ನಗುತ್ತಿದ್ದಳು. ಈ ನಿಯಮವನ್ನು ನಾನು ಪರೀಕ್ಷಿಸಿ ನೋಡಿದೆ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಜಾಡಿಯ ಬಟ್ಟೆಗೆ ಬಾಯಿಟ್ಟು, ಬೀದಿಯಲ್ಲಿ ಕಲಿತಿದ್ದ ಬೈಗುಳಗಳನ್ನೆಲ್ಲ, ಕನ್ನಡದವು, ತಮಿಳಿನವು, ದಖನಿಯವು, ಒಂದೂ ಬಿಡದೆ ಹೇಳಿದೆ. ಆ ಕ್ರಿಸ್‌ಮಸ್ಸಿಗೆ ವೈನು ಬಹಳ ಚೆನ್ನಾಗಿ ಆಗಿದೆಯೆಂದು ಎಲ್ಲರೂ ಹೊಗಳಿದಾಗ ನಾನು ಎದ್ದು ನಿಂತು ನನ್ನ ಪ್ರಯೋಗವನ್ನು ಪ್ರಕಟಿಸಿದೆ. ಅಮ್ಮ ಹೊಡೆಯಲಿಲ್ಲ.

“ವೈನ್ ಹುಳಿ ಆಗ್ಲಿಲ್ಲ, ಸರಿ. ಹುಳಿಯೆಲ್ಲ ನಿನ್ ನಾಲಿಗೇಲೇ ನಿಂತೋಯ್ತಲ್ಲ ಇನ್ನಾಸಿ, ಅದನ್ನ ಯಾರು ಕುಡೀತಾರೆ?” ಎಂದಳು.

ಹೊಡೆತ ಬಿದ್ದದ್ದು ಮುಂದಿನ ವರ್ಷ. ಅಮ್ಮ ಬಾಟಲಿಯ ಬಿರಡೆಗಳ ಮೇಲೆ ಮೇಣ ಕರಗಿಸಿ ಮುದ್ರೆ ಹಾಕುತ್ತಿದ್ದಳು. ಶಿವಾಜಿನಗರದಲ್ಲಿ ಸೆಪ್ಟೆಂಬರಿನ ಮಾತೆಯ ಹಬ್ಬಕ್ಕೆ ಹೋದಾಗ ಉಳಿದ ಮೇಣದಬತ್ತಿಯ ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ಒಂದು ವರ್ಷ ಬಿಳಿಯವು ಹೆಚ್ಚು ಸಿಗುತ್ತಿದ್ದವು, ಇನ್ನೊಂದು ವರ್ಷ ಹಳದಿಯವು. ಅಕ್ಕನ ಬಾಟಲಿಗಳ ಕುತ್ತಿಗೆಯ ಮೇಣ ಹಿಂದಿನ ವರ್ಷ ಬೆಳ್ಳಗಿದ್ದುದು ನನಗೆ ಚೆನ್ನಾಗಿ ನೆನಪಿತ್ತು. ಈಗ ಅದು ಹಳದಿಯಾಗಿತ್ತು. ಅದೂ ಅಲ್ಲದೆ, ಅಕ್ಕ ಹುಟ್ಟಿದಾಗ ನಮ್ಮವರು ಇದ್ದದ್ದು ಹಲಸೂರಿನಲ್ಲಿ, ಕಾಲು ಚಾಚಲೂ ಜಾಗವಿಲ್ಲದ ಒಂದೇ ಕೋಣೆಯಲ್ಲಿ. ಅಮ್ಮ ಮಿಸ್ಸಮ್ಮನನ್ನು ಕಂಡದ್ದೇ ಅದರ ಬಳಿಕ. ಹಾಗಿದ್ದರೆ ಅಕ್ಕ ಹುಟ್ಟಿದ ವರ್ಷದ ವೈನು ಬಂದದ್ದಾದರೂ ಎಲ್ಲಿಂದ? ಮನೆತುಂಬ ನೆಂಟರಿದ್ದ ಊಟದ ನಡುವೆ ನಾನು ಇದನ್ನು ಕೇಳಿದೆ. ಅಮ್ಮನ ಮುಖ ಬಿಳಿಚಿತು. “ಮೇಣ ಬಣ್ಣ ಬಿಡುತ್ತೆ” ಎಂದಳು. ಬಿಳಿಯ ಮೇಣ ಹೇಗೆ ಹಳದಿ ಬಣ್ಣ ಬಿಟ್ಟೀತು ಎಂದು ನಾನು ಕೇಳುವಷ್ಟರಲ್ಲಿ ಅಪ್ಪನ ಕೈ ನನ್ನ ಕೆನ್ನೆಯ ಮೇಲಿತ್ತು.

ಆ ಏಟು ನನ್ನೊಳಗೆ ಏನನ್ನೋ ಗಟ್ಟಿಮಾಡಿತು. ಅಮ್ಮ ಸುಳ್ಳು ಹೇಳುತ್ತಾಳೆ, ಅಪ್ಪ ಆ ಸುಳ್ಳನ್ನು ಕಾಯುತ್ತಾನೆ, ನೆಂಟರು ಅದನ್ನು ಚಪ್ಪರಿಸಿ ಕುಡಿಯುತ್ತಾರೆ. ನಿಜ ಬೇಕಾಗಿರುವುದು ನನಗೊಬ್ಬನಿಗೇ. ಎಂಟನೆಯ ತರಗತಿಗೆ ಶಾಲೆ ನಿಂತು, ಶಿವಾಜಿನಗರದ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದಾಗ ಈ ಹೆಮ್ಮೆ ಇನ್ನಷ್ಟು ಬಲಿಯಿತು. ನನ್ನ ವಿದ್ಯೆಯೆಲ್ಲ ಅಲ್ಲಿ, ತಲೆಕೆಳಗಾದ ಅಕ್ಷರಗಳಲ್ಲಿ ಆದದ್ದು. ಚರಿತ್ರೆ, ವೈದ್ಯ, ದೇವತಾಶಾಸ್ತ್ರ, ಮದುವೆಯ ಕರೆಯೋಲೆ, ಎಲ್ಲವೂ ನನ್ನ ಬೆರಳ ಮೂಲಕ ಹಾದುಹೋದವು. ಎಲ್ಲಕ್ಕೂ ಅದೇ ಸೀಸದ ಮೊಳೆ. ಅಚ್ಚಾದದ್ದೆಲ್ಲ ನಿಜವಲ್ಲ ಎಂಬುದನ್ನು ಅಚ್ಚು ಜೋಡಿಸುವವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಪಾದ್ರಿಗಳೊಡನೆ, ಯೂನಿಯನ್ನಿನವರೊಡನೆ, ವೈದ್ಯರೊಡನೆ ನಾನು ಬದುಕಿಡೀ ವಾದಿಸಿದ್ದೇನೆ. ಪ್ರತಿ ವಾದದಲ್ಲೂ ನನ್ನ ಕಣ್ಣ ಮುಂದೆ ಒಂದು ಹಳದಿ ಮೇಣದ ಮುದ್ರೆ ಇರುತ್ತಿತ್ತು.

ಫಿಲ್ಲುವಿಗೆ ಇಂಥ ಹಟ ಯಾವುದೂ ಇರಲಿಲ್ಲ. ಅವಳು ಕೆ.ಆರ್. ಪುರಂ ಕಡೆಯ ಒಂದು ಕಾರ್ಖಾನೆಯಲ್ಲಿ ತಂತಿಗಳನ್ನು ಬೆಸೆಯುವ ಕೆಲಸಕ್ಕೆ ಸೇರಿ, ಕಂಪನಿಯ ಬಸ್ಸಿನಲ್ಲಿ ಹೋಗಿ ಬಂದು, ನಿವೃತ್ತಳಾದಳು. ಅವಳನ್ನು ನೋಡಲು ಬಂದ ಗಂಡುಗಳ ಕಡೆಯವರು ಆ ಲಾಯದ ಬೆಂಚಿನ ಮೇಲೆ ಕೂತು, ಅವಳು ಮಾಡಿದ ಕೈಮಾ ಉಂಡೆಗಳ ಬಾಲ್ ಕರಿ ಮತ್ತು ತೆಂಗಿನಹಾಲಿನ ಹಳದಿ ಅನ್ನ ತಿಂದು, ಹೊಗಳಿ, ಹೋಗುತ್ತಿದ್ದರು. ಹೋದವರು ಏಕೆ ಮರಳಲಿಲ್ಲ ಎಂಬುದಕ್ಕೆ ನೆಂಟರು ಹಲವು ಕಾರಣ ಹೇಳುತ್ತಿದ್ದರು. ಅವಳ ಎತ್ತರ, ಅವಳ ಸಂಪಾದನೆ, ನಮ್ಮ ಲಾಯ. ಯಾವುದನ್ನೂ ನಾನು ನಂಬಲಿಲ್ಲ, ಬೇರೆ ಕಾರಣವೂ ನನಗೆ ಹೊಳೆಯಲಿಲ್ಲ. ಕಿರಿಯವನಾದ ನನ್ನ ಮದುವೆ ಮೊದಲಾಯಿತು. ನನ್ನ ಪಾಲಿನ ಬಾಟಲಿಗಳು ಖಾಲಿಯಾದವು. ಕಾಲಕ್ರಮದಲ್ಲಿ ಮಿಸ್ಸಮ್ಮ ತೀರಿಕೊಂಡಳು, ಬಂಗಲೆ ಹೋಗಿ ಅಪಾರ್ಟ್‌ಮೆಂಟ್ ಬಂತು, ಅಪ್ಪ ಅಮ್ಮ ಇಬ್ಬರೂ ಹೊಸೂರು ರಸ್ತೆಯ ಸ್ಮಶಾನದ ಮಣ್ಣು ಸೇರಿದರು. ಅಕ್ಕ ತನ್ನ ಉಳಿತಾಯದಲ್ಲಿ ಕಲ್ಯಾಣ ನಗರದಲ್ಲಿ ಕೊಂಡ ಎರಡು ಕೋಣೆಯ ಮನೆಗೆ ಆ ಆರು ಬಾಟಲಿಗಳೂ ಹೋದವು. ನನ್ನ ಹೆಂಡತಿ ತೀರಿಹೋದ ಮೇಲೆ ನಾನೂ ಅಲ್ಲಿಗೆ ಹೋದೆ. ಬಾಟಲಿಗಳು ಅಮ್ಮನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಅಕ್ಕನ ಮಂಚದ ಕೆಳಗೆ ಇದ್ದವು. ಅವುಗಳ ಬಗ್ಗೆ ನಾವು ಮಾತನಾಡುತ್ತಿರಲಿಲ್ಲ.

ಕಳೆದ ವರ್ಷ ಅವಳ ನಾಲಿಗೆಯ ಎಡಭಾಗದಲ್ಲಿ ಒಂದು ಹುಣ್ಣಾಯಿತು. ಮಾಗಲಿಲ್ಲ. ಪರೀಕ್ಷೆಗಳಾದ ಮೇಲೆ ವೈದ್ಯೆ, ಧಾರವಾಡದ ಕಡೆಯ ಮಾತಿನ ಒಬ್ಬ ಚಿಕ್ಕ ವಯಸ್ಸಿನವಳು, ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ನಾಲಿಗೆಯ ಬಹುಭಾಗ ತೆಗೆಯಬೇಕಾಗುತ್ತದೆ. ಜೀವ ಉಳಿದೀತು, ಮಾತು ಅಷ್ಟಿಷ್ಟು ಮರಳೀತು. ರುಚಿಯ ಬಗ್ಗೆ ಭರವಸೆ ಕೊಡಲಾರೆ. ನಾನು ಎಂದಿನಂತೆ ವಾದಕ್ಕೆ ನಿಂತೆ. ಬೇರೆ ವೈದ್ಯರನ್ನು ಕೇಳೋಣ, ನಾನು ಓದಿ ನೋಡುತ್ತೇನೆ, ಎಂದೆ. ಅಕ್ಕ ನನ್ನ ಮೊಣಕೈ ಹಿಡಿದು ಕೂರಿಸಿದಳು. ಮನೆಗೆ ಬಂದ ಸಂಜೆ ಮಂಚದ ಕೆಳಗಿನಿಂದ ಸೀರೆಯ ಗಂಟನ್ನು ಎಳೆದು ಅಡಿಗೆಮನೆಯ ಕಟ್ಟೆಯ ಮೇಲಿಟ್ಟಳು.

“ಡಾಕ್ಟ್ರು ಹುಳಿ, ಖಾರ, ವೈನು ಯಾವ್ದೂ ಬೇಡ ಅಂದಿದಾರಲ್ಲ” ಎಂದೆ.

“ಆಪರೇಷನ್ ಆದ್ಮೇಲೆ ಏನೂ ಬೇಡ್ವಲ್ಲ. ಅದಕ್ಕೇ ಈಗ. ರುಚಿ ಇರೋವಾಗ್ಲೇ ನನ್ ಊಟ ನಾನು ಮಾಡ್ತೀನಿ. ಸುಮ್ನೆ ಬಿರಡೆ ತೆಗಿ.”

ಬಿರಡೆ ಪುಡಿಯಾಗಿ ಅರ್ಧ ಒಳಗೇ ಬಿತ್ತು. ಅವಳು ಬಾಟಲಿಯ ಬಾಯಿಗೆ ಮೂಗಿಟ್ಟಳು. ಆ ಹೊತ್ತಿಗೆ ಪಕ್ಕದ ಮನೆಯ ನೂರಿ ಒಳಗೆ ಬಂದಳು. ನೂರ್‌ಜಹಾನ್ ಶಿವಾಜಿನಗರದ ಬಟ್ಟೆ ವ್ಯಾಪಾರಿಗಳ ಮನೆಯ ಹೆಣ್ಣು, ವಿಧವೆ. ಅಕ್ಕನಿಗೆ ಇಪ್ಪತ್ತು ವರ್ಷಗಳ ಗೆಳತಿ.

“ಅರೇ ಫಿಲ್ಲೂ ಆಪಾ, ಇದೇನ್ ಮನೆತುಂಬಾ ಹುಳಿಹುಳಿ ಸಿರ್ಕಾ ವಾಸ್ನೆ? ಉಪ್ಪಿನ್‌ಕಾಯ್ ಹಾಕ್ತಾ ಇದೀರಾ?”

“ನನ್ ಮದ್ವೆ ವೈನು ಕಣೇ.”

“ಯಾ ಅಲ್ಲಾ! ಇಷ್ಟ್ ಹುಳಿ ಆಗೋಗಿದ್ಯಾ? ಒಳ್ಳೇದಾಯ್ತು ಬಿಡಿ, ಗಂಡ ಬಂದಿದ್ರೂ ಇಷ್ಟೊತ್ತಿಗೆ ಇಷ್ಟೇ ಹುಳಿ ಆಗಿರ್ತಿದ್ದ!”

ಇಬ್ಬರೂ ಕಟ್ಟೆ ಹಿಡಿದುಕೊಂಡು ನಕ್ಕರು. ನಗುವಾಗ ಅಕ್ಕ ಎಡಗೆನ್ನೆಯನ್ನು ಒತ್ತಿಕೊಂಡಿದ್ದಳು. ಆ ಬಾಟಲಿ ವಿಂದಾಲೂಗೆ ಹೋಯಿತು. ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿಗಳನ್ನು ಅದೇ ಹುಳಿಯಲ್ಲಿ ನೆನೆಸಿ ಅರೆದು, ಹಂದಿ ಮಾಂಸಕ್ಕೆ ಸವರಿ, ಒಂದು ರಾತ್ರಿ ಬಿಟ್ಟು, ಮಾರನೆಯ ದಿನ ಸಣ್ಣ ಉರಿಯಲ್ಲಿ ಬೇಯಿಸಿದಳು. ಮೊದಲ ತುತ್ತಿಗೆ ನಾನು ಕಣ್ಣು ಮುಚ್ಚಿದೆ. ಅದು ಲಾಯದ ಕ್ರಿಸ್‌ಮಸ್ಸಿನ ರುಚಿಯಾಗಿತ್ತು, ನನ್ನ ತಾಯಿಯ ವಿಂದಾಲೂ. ದಶಕಗಳಿಂದ ಎಲ್ಲಿಯೂ ಸಿಗದೆ, ಬಾಲ್ಯದ ಹಸಿವು ಕಟ್ಟಿದ ಭ್ರಮೆಯದು ಎಂದು ನಾನು ತೀರ್ಮಾನಿಸಿಬಿಟ್ಟಿದ್ದ ರುಚಿ. ಅಕ್ಕ ತಲೆಯನ್ನು ಬಲಕ್ಕೆ ವಾಲಿಸಿ, ಹುಣ್ಣಿಲ್ಲದ ಬದಿಯಲ್ಲಿ ನಿಧಾನವಾಗಿ ಅಗಿಯುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಉರಿಗೋ ಮತ್ತೇತಕ್ಕೋ ನಾನು ಕೇಳಲಿಲ್ಲ.

ಅನಂತರ ಒಂದು ದಿನ ಬಿಟ್ಟು ಒಂದು ದಿನ ಹೀಗೆಯೇ ನಡೆಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಬಾಟಲಿ ತೆರೆಯುವುದು, ಅವಳು ಮೂಗಿನಿಂದ ತೀರ್ಪು ಕೊಡುವುದು. ಒಂದು ಪೂರಾ ಸತ್ತಿತ್ತು, ಬರಿಯ ಕಂದು ನೀರು. ಅದನ್ನು ಕರಿಬೇವಿನ ಬುಡಕ್ಕೆ ಸುರಿದಳು. ಇನ್ನೊಂದು ಹುಳಿಯಾಗಿತ್ತು; ಮೀನಿನ ಸಾರಿಗೆ ಹೋಯಿತು. ಮತ್ತೆರಡು ಮಾತ್ರ, ಹೇಗೋ ಏನೋ, ಉಳಿದುಕೊಂಡಿದ್ದವು. ಬಣ್ಣ ಇಟ್ಟಿಗೆಯಂತಾಗಿ, ಬೆಲ್ಲದ ಪಾಕದಂತೆ, ಒಣದ್ರಾಕ್ಷಿಯಂತೆ ಮಂದವಾಗಿದ್ದವು. ನಾವು ಅವನ್ನು ಸ್ಟೀಲ್ ಲೋಟದಲ್ಲಿ ಕುಡಿದೆವು. ಒಂದು ಸಂಜೆ ಬಾಲ್ ಕರಿ ಮತ್ತು ಹಳದಿ ಅನ್ನ, ಇನ್ನೊಂದು ಸಂಜೆ ಮುದ್ದೆ ಮತ್ತು ಕಾಲುಸಾರು. ನೂರಿ ತನ್ನ ಮನೆಯಿಂದ ಬಿರಿಯಾನಿ ತಂದು, ‘ನಿಮ್ ಲೋಟ ಆ ಕಡೆ ಇಟ್ಕೊಳಿ’ ಎಂದು ಮೇಜಿನ ತುದಿಯಲ್ಲಿ ಕೂತು ಉಣ್ಣುತ್ತಿದ್ದಳು. ಅಕ್ಕ ಪ್ರತಿ ತುತ್ತನ್ನೂ ಬಾಯಲ್ಲಿ ಬಹಳ ಹೊತ್ತು ಇರಿಸಿಕೊಳ್ಳುತ್ತಿದ್ದಳು. ನಾವು ಕಾಯುತ್ತಿದ್ದೆವು.

ಕೊನೆಯ ಬಾಟಲಿಯನ್ನು ತೆರೆದದ್ದು ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ. ಅದೂ ಕುಡಿಯುವಂತಿತ್ತು. ನೂರಿ ಊಟ ಮುಗಿಸಿ ಹೋಗಿದ್ದಳು. ಇನ್ನು ಕೇಳದಿದ್ದರೆ ಅವಳ ಬಾಯಿಂದ ಕೇಳಲು ಆಗಲಾರದು ಎನ್ನಿಸಿ, ನಾನು ನನ್ನ ಹಳೆಯ ಪ್ರಶ್ನೆಯನ್ನು ತೆಗೆದೆ.

“ಫಿಲ್ಲೂ, ನಿಜ ಹೇಳು. ಇದು ನೀನು ಹುಟ್ಟಿದ್ ವರ್ಷದ್ದಲ್ಲ ತಾನೇ?”

“ಅಯ್ಯೋ ದೇವ್ರೇ, ಇನ್ನೂ ಬಿಟ್ಟಿಲ್ವಾ ಅದನ್ನ ನೀನು?” ಎಂದು ಅವಳು ನಕ್ಕಳು. “ಮನೇಲಿ ಮಾಡಿದ ವೈನು ಎಷ್ಟ್ ವರ್ಷ ನಿಲ್ಲುತ್ತೋ? ವರ್ಷವರ್ಷ ಹುಳಿ ಆಗೋದು. ಡಿಸೆಂಬರ್ ಬಂತಂದ್ರೆ ಅಮ್ಮ ನಿನ್ನ ಎಲ್ಲಾದ್ರೂ ಅಟ್ಟಿಬಿಟ್ಟು, ಎಲ್ಲಾ ತೆಗ್ದು, ಖಾಲಿ ಮಾಡಿ, ಹೊಸದು ತುಂಬೋಳು. ಲಾಳಿಕೆ ಹಿಡೀತಿದ್ದಿದ್ದು ನಾನೇ. ಯಾರಿಗೂ ಹೇಳ್ಬೇಡ, ಮದ್ವೆ ವೈನು ಕೆಡ್ತು ಅಂದ್ರೆ ಹುಡ್ಗಿಗೆ ಅಪಶಕುನ ಅಂತಾರೆ, ಅಂತಿದ್ಲು.”

“ನನ್ನವೂ ಹಾಗೇನಾ?”

“ಮತ್ತೆ? ನಿನ್ ಮದ್ವೇಲಿ ಎಲ್ಲಾ ಆಹಾ ಓಹೋ ಅಂತ ಕುಡಿದ್ರಲ್ಲ, ಹೋದ್ ವರ್ಷದ್ದು!”

“ತೆಗೆದ ಹುಳಿ ಏನ್ಮಾಡ್ತಿದ್ಲು?”

“ಏನ್ಮಾಡ್ತಾಳೆ? ವಿಂದಾಲೂ.”

ನನ್ನ ಬಾಲ್ಯದ ಅತ್ಯಂತ ಪ್ರಿಯವಾದ ರುಚಿ ನಾನು ಬಯಲಿಗೆಳೆಯಲು ಹೋದ ಸುಳ್ಳಿನಿಂದಲೇ ಬಂದದ್ದು. ಮೇಣದ ವಿಷಯದಲ್ಲಿ ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಆ ಸರಿಯನ್ನು ಕೈಯಲ್ಲಿ ಹಿಡಿದುಕೊಂಡು ಏನು ಮಾಡಬೇಕೆಂದು ಮಾತ್ರ ತೋಚಲಿಲ್ಲ. ಅಕ್ಕ ಲೋಟವನ್ನು ತಿರುಗಿಸುತ್ತ ಮತ್ತೆ ಮಾತನಾಡಿದಳು. ಈ ಸಲ ನನ್ನ ಮುಖ ನೋಡದೆ.

“ನಂಗೆ ಮೂವತ್ತೈದೋ ಮೂವತ್ತಾರೋ. ಆ ಡಿಸೆಂಬರಲ್ಲಿ ಫ್ಯಾಕ್ಟರಿಯಿಂದ ಬಂದು, ಲಾಳಿಕೆ ಹಿಡಿಯೋಕೆ ಅಮ್ಮ ಯಾವಾಗ ಕರೀತಾಳೆ ಅಂತ ಕಾಯ್ತಿದ್ದೆ. ಕರೀಲಿಲ್ಲ. ಸುಸ್ತಾಗಿರ್ಬೇಕು ಅನ್ಕೊಂಡೆ. ಕ್ರಿಸ್‌ಮಸ್ ಹಿಂದಿನ್ ದಿನ ನೋಡ್ತೀನಿ, ವಿಂದಾಲೂಗೆ ಅಂತ ಕಟ್ಟೆ ಮೇಲೆ ಅಂಗಡಿ ವಿನೆಗರ್ ಬಾಟ್ಲು. ಹೊಸದು. ಮೆಣಸಿನ್‌ಕಾಯಿ ಅರ್ದು ಕೊಟ್ಟೆ.”

ಲೋಟದ ಅಂಚನ್ನು ಬೆರಳಿನಿಂದ ಒರಸಿ ಅವಳೇ ಮುಂದುವರಿಸಿದಳು.

“ಎಲ್ರೂ ಎಷ್ಟೊಂದು ಮಾತಾಡ್ತಿದ್ರು, ಫಿಲ್ಲು ಮದ್ವೆ ಫಿಲ್ಲು ಮದ್ವೆ ಅಂತ. ಇನ್ನಾಗಲ್ಲ ಅಂತ ಹೇಳಿದ್ದು ಆ ವಿನೆಗರ್ ಬಾಟ್ಲು ಒಂದೇ.”

ನಾವು ಕುಡಿಯುತ್ತಿದ್ದುದು, ಹಾಗಾದರೆ, ಅದರ ಹಿಂದಿನ ವರ್ಷದ ವೈನು. ನನ್ನ ತಾಯಿ ನಂಬಿಕೆಯಿಂದ ತುಂಬಿಸಿದ ಕೊನೆಯ ವೈನು. ನಾನು ಏನೋ ಹೇಳಲು ಹೊರಟೆ. ಅಮ್ಮ ಹಾಗೆ ಭಾವಿಸಿರಲಾರಳು, ಅವಳಿಗೆ ಆಗ ಮೈಯಲ್ಲಿ ಹುಷಾರಿರಲಿಲ್ಲ, ದ್ರಾಕ್ಷಿಯೇ ಸಿಗಲಿಲ್ಲವೋ ಏನೋ. ಸಂದೇಹಪಡುವುದನ್ನೇ ಕಸುಬಾಗಿಸಿಕೊಂಡವನಿಗೆ ಇಂಥ ವಾದಗಳಿಗೆ ಬರವಿಲ್ಲ. ಆದರೆ ಅವಳು ಲೋಟವನ್ನು ನನ್ನ ಕಡೆಗೆ ಸರಿಸಿದಳು.

“ಮಾತ್ ಸಾಕು. ಇನ್ನೊಂದ್ ಸ್ವಲ್ಪ ಹಾಕು. ಚೆನ್ನಾಗಿದೆ ಕಣೋ ಇದು. ನಿಜವಾಗ್ಲೂ ಚೆನ್ನಾಗಿದೆ.”

ಬಾಟಲಿಯ ತಳದ ಗಷ್ಟು ಬರುವವರೆಗೆ ಬಗ್ಗಿಸಿದೆ. ಅವಳು ಅದನ್ನು ಬಾಯಲ್ಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ, ಹೊರಗೆ ರಿಂಗ್ ರಸ್ತೆಯ ವಾಹನಗಳ ಸದ್ದಿನ ನಡುವೆ, ನುಂಗಲು ಬಹಳ ಹೊತ್ತು ತೆಗೆದುಕೊಂಡಳು.

ಶಸ್ತ್ರಚಿಕಿತ್ಸೆ ಸುಗಮವಾಗಿಯೇ ಆಯಿತು. ವೈದ್ಯೆ ಹೇಳಿದ್ದೆಲ್ಲ ನಿಜವಾಯಿತು, ಆಶೆಯ ಭಾಗವೂ, ಆಶೆಯಿಲ್ಲದ ಭಾಗವೂ. ಮೂಗಿನ ಕೊಳವೆ ತೆಗೆದ ಮೇಲೆ ಅವಳಿಗೆ ತೆಳುವಾದ ಗಂಜಿ ಇಳಿಯುತ್ತದೆ. ಅದು ರಾಗಿಯೋ ಅಕ್ಕಿಯೋ ಅವಳಿಗೆ ಗೊತ್ತಾಗುವುದಿಲ್ಲ. ಅಡಿಗೆ ಈಗ ನನ್ನದು. ಮೊದಲ ಕೆಲವು ದಿನ ನನ್ನ ತಟ್ಟೆಯನ್ನು ಒಲೆಯ ಬಳಿ ನಿಂತೇ, ಅವಳಿಗೆ ಕಾಣದಂತೆ, ಅವಸರವಾಗಿ ಮುಗಿಸುತ್ತಿದ್ದೆ. ಒಂದು ಮಧ್ಯಾಹ್ನ ಅವಳು ಬಂದು, ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, ಮೇಜಿನ ಮೇಲೆ ತನ್ನ ಎದುರಿಗಿಟ್ಟು, ಕುರ್ಚಿ ತೋರಿಸಿದಳು. ಅಂದು ನಾನು ಹುರುಳಿಕಾಯಿ ಪಲ್ಯ ಮತ್ತು ಬೇಳೆ ಸಾರು ಮಾಡಿದ್ದೆ. ನಾನು ತುತ್ತು ಬಾಯಿಗಿಟ್ಟೆ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಗದ್ದವನ್ನು ಮೇಲಕ್ಕೆತ್ತಿ, ಹೇಗಿದೆ ಎಂದು ಸನ್ನೆಯಲ್ಲಿ ಕೇಳಿದಳು.

“ಚೆನ್ನಾಗಿದೆ” ಎಂದೆ.

ಅವಳು ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದಳು.

“ಉಪ್ಪು ಜಾಸ್ತಿ ಆಗಿದೆ. ಬೇಳೆ ತಳ ಹಿಡಿದಿದೆ. ಪಲ್ಯಕ್ಕೆ ಕಾಯಿ ಹಾಕೋದು ಮರ್ತೆ.”

ಅವಳು ತಲೆಯಾಡಿಸಿದಳು. ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, ಮೇಜಿನ ಮೇಲೆ ಮೊಣಕೈಯೂರಿ ಕೂತು, ಮುಂದಿನ ತುತ್ತು ತೆಗೆದುಕೋ ಎಂದು ಬೆರಳಾಡಿಸಿದಳು.